ಹೆಸರು ಓದುವ ಹೊತ್ತು

ಜಗಳ ಶುರುವಾದಾಗ ಆಲೂಗಡ್ಡೆಯ ಬಟ್ಟಲು ಅಲೀಡಾಳ ಕೈಯಲ್ಲಿತ್ತು. ಅದನ್ನು ಪಕ್ಕಕ್ಕೆ ದಾಟಿಸದೆ ಹಿಡಿದುಕೊಂಡೇ ಅವಳು ತಂದೆಗೆ ಹೇಳಿದಳು.

“ಅಪ್ಪಾ, ಬರೋ ತಿಂಗಳು ಕಾಲೇಜಿನಲ್ಲಿ ಯುದ್ಧ ನಿಲ್ಲಿಸಿ ಅಂತ ಒಂದು ಸಭೆ ಮಾಡ್ತಿದೀವಿ. ಮುಂದೆ ನಿಂತು ನಡೆಸೋಳು ನಾನೇ. ಬೇರೆಯವರ ಬಾಯಿಂದ ನಿಮ್ಮ ಕಿವಿಗೆ ಬೀಳೋದು ಬೇಡ ಅಂತ ಮೊದಲೇ ಹೇಳ್ತಿದೀನಿ.”

“ಆಲೂಗಡ್ಡೆ ಈ ಕಡೆ ಕೊಡು,” ಅಂದರು ಅವಳ ಅಪ್ಪ, ನನ್ನ ಹರ್ಮನ್ ಭಾವ.

ಕೊಟ್ಟಳು. ಅವರು ಬಡಿಸಿಕೊಂಡರು, ಮೇಲೆ ಮಾಂಸದ ರಸ ಹುಯ್ದುಕೊಂಡರು, ನಿಧಾನವಾಗಿ ಒಂದು ತುತ್ತು ತಿಂದರು. ನಾವು ಮಿಕ್ಕವರೆಲ್ಲ ತಟ್ಟೆ ನೋಡುತ್ತ ಕೂತೆವು.

“ನಿಮ್ಮಣ್ಣ ಎಲ್ಲಿದಾನೆ?”

“ವಿಯೆಟ್ನಾಮಿನಲ್ಲಿ.”

“ಏನ್ ಮಾಡ್ತಿದಾನೆ ಅಲ್ಲಿ?”

“ಅದಕ್ಕೇ ಅಪ್ಪಾ ಈ ಸಭೆ.”

“ನಾನು ಕೇಳಿದ್ದು ಅದಲ್ಲ. ವಿಲ್ಲಿಸ್ ಅಲ್ಲಿ ಕೆಸರಲ್ಲಿ ಬಂದೂಕು ಹಿಡಿದು ನಿಂತಿದಾನೆ. ಇಲ್ಲಿ ಅವನ ಒಡಹುಟ್ಟಿದವಳು ಬೆನ್ನ ಹಿಂದೆ ನಿಂತು, ನೀನು ಮಾಡ್ತಿರೋದು ದಂಡದ ಕೆಲಸ ಅಂತ ಕೂಗ್ತಾಳೆ. ಬಾಳ ಚೆನ್ನಾಗಿದೆ.”

“ಕೂಗೋದಿಲ್ಲಪ್ಪಾ. ಸಮಾಧಾನವಾಗಿ…”

ಭಾವ ಬೈಬಲ್ ತೆಗೆದರು. ನಮ್ಮ ಮನೆಯಲ್ಲಿ ಪ್ರತಿ ಊಟದ ಕೊನೆಗೆ ಯಜಮಾನ ಒಂದು ಅಧ್ಯಾಯ ಓದಬೇಕು, ಓದುವಾಗ ಯಾರೂ ತುಟಿ ಬಿಚ್ಚುವಂತಿಲ್ಲ. ಭಾವನಿಗೆ ಇದರಿಂದ ಬಹಳ ಅನುಕೂಲವಾಗಿತ್ತು. ಮಾತಿನಲ್ಲಿ ಸೋಲುವ ಲಕ್ಷಣ ಕಂಡರೆ ಊಟ ಅರ್ಧದಲ್ಲಿದ್ದರೂ ಪುಸ್ತಕ ಬಿಚ್ಚುತ್ತಿದ್ದರು. ಆ ದಿನ ನನ್ನ ಆಲೂಗಡ್ಡೆ ತಣ್ಣಗಾಗಿ ಕಲ್ಲಾಯಿತು.

ನಾನು ಡೀನಾ, ಈ ಮನೆಯೊಡತಿ ಗ್ರೀಟಳ ತಂಗಿ. ಮದುವೆಯಾಗಲಿಲ್ಲ. ಯಾಕೆ ಅಂತ ಕೇಳುವವರಿಗೆ ಊರಿನ ಗಂಡಸರನ್ನು ತೋರಿಸುತ್ತೇನೆ. ಕೆಳಗೆ ಬೇಕರಿ, ಮೇಲೆ ಮನೆ. ಭಾವ ಒಲೆಯ ಮುಂದೆ, ಅಕ್ಕ ಅಂಗಡಿಯಲ್ಲಿ, ನಾನು ಹಿಟ್ಟು ನಾದುವುದು, ತಟ್ಟೆ ತೊಳೆಯುವುದು, ವ್ಯಾನಿನಲ್ಲಿ ಬ್ರೆಡ್ ಹಂಚುವುದು. ಭಾವನ ತಾಯಿ ಹಿಲ್ಕೆ ಅಜ್ಜಿ ಅಡುಗೆಮನೆಯ ಒಲೆಯ ಪಕ್ಕ ಕೂತು ತರಕಾರಿ ಹೆಚ್ಚುತ್ತ ನಮ್ಮೆಲ್ಲರನ್ನೂ ಆಳುತ್ತಿದ್ದಳು. ಅಯೋವಾದ ಈ ಮೂಲೆಯಲ್ಲಿ ನಾವೆಲ್ಲ ಹಾಲೆಂಡಿನಿಂದ ಬಂದವರ ಮಕ್ಕಳು, ಮೊಮ್ಮಕ್ಕಳು. ಒಂದು ಚರ್ಚು, ಅದೇ ಚರ್ಚಿನದೊಂದು ಕಾಲೇಜು. ಹುಡುಗರು ಕೂದಲು ಕಿವಿಗೆ ತಾಗದಂತೆ ಕತ್ತರಿಸಿಕೊಂಡು, ಹುಡುಗಿಯರು ಮೊಣಕಾಲು ಮುಚ್ಚಿಕೊಂಡು ಪಾಠಕ್ಕೆ ಹೋಗುವ ಜಾಗ ಅದು. ದೇಶದ ಬೇರೆ ಕಡೆ ವಿದ್ಯಾರ್ಥಿಗಳು ಬೀದಿಗಿಳಿದ ಸುದ್ದಿ ರೇಡಿಯೋದಲ್ಲಿ ಬಂದರೆ ನಮ್ಮೂರಿನವರು ಗುಂಡಿ ತಿರುಗಿಸಿ ಹಂದಿಯ ಧಾರಣೆ ಕೇಳುತ್ತಿದ್ದರು. ಚರ್ಚನ್ನೂ ಕಾಲೇಜನ್ನೂ ನೋಡಿಕೊಳ್ಳಲು ಹಿರಿಯರು ಅಂತ ಕೆಲವರನ್ನು ಆರಿಸಿರುತ್ತಾರೆ. ಭಾವ ಆ ಹಿರಿಯರಲ್ಲೊಬ್ಬರು.

ಸುದ್ದಿ ಊರೆಲ್ಲ ಹರಡಿತು. ಮೊದಲ ವಾರ ಗಿರಾಕಿಗಳು ನಕ್ಕರು. “ಏನ್ ಗ್ರೀಟ, ನಿನ್ನ ಮಗಳು ಒಬ್ಬಳೇ ಹೋಗಿ ಯುದ್ಧ ನಿಲ್ಲಿಸಿಬಿಡ್ತಾಳಂತೆ?” ಅಂದರು. ಎರಡನೆಯ ವಾರ ನಗು ನಿಂತಿತು. ಆ ಶನಿವಾರ ಟೆನಾ ಹೈಸ್ಮಾ ಬಂದಳು. ಅವಳ ಮಗ ಡ್ವೇನ್ ನಮ್ಮ ವಿಲ್ಲಿಸ್‌ನ ಜೊತೆಗೆ ಶಾಲೆಗೆ ಹೋದವನು. ಏಪ್ರಿಲ್‌ನಲ್ಲಿ ಪೆಟ್ಟಿಗೆಯಲ್ಲಿ ಮನೆಗೆ ಬಂದಿದ್ದ.

“ರೈ ಬ್ರೆಡ್ ಒಂದು ಕೊಡು ಗ್ರೀಟ,” ಅಂದಳು. ಅಕ್ಕ ಕಾಗದದಲ್ಲಿ ಸುತ್ತಿದಳು. ಟೆನಾ ದುಡ್ಡು ಇಟ್ಟಳು. ಅಷ್ಟರಲ್ಲಿ ಅಲೀಡಾ ಬನ್ನಿನ ತಟ್ಟೆ ಹೊತ್ತು ಒಳಗಿನಿಂದ ಬಂದಳು.

“ನೀನು ಮಾಡೋ ಸಭೇಲಿ ನನ್ನ ಮಗ ಸುಮ್‌ಸುಮ್ಮನೆ ಸತ್ತ ಅಂತ ಹೇಳ್ತೀಯೇನೆ?”

“ಇಲ್ಲ ಟೆನಾ ಅತ್ತೆ. ಯಾವತ್ತೂ ಹೇಳಲ್ಲ.”

“ಮತ್ತೇನು ಹೇಳ್ತೀಯ?”

ಅಲೀಡಾ ಬನ್ನಿನ ತಟ್ಟೆಯನ್ನು ಕೆಳಗಿಟ್ಟಳು. ಟೆನಾ ಒಂದು ಗಳಿಗೆ ಕಾದಳು. ಆಮೇಲೆ ಬ್ರೆಡ್ಡನ್ನೂ ಬಿಟ್ಟು, ದುಡ್ಡನ್ನೂ ಬಿಟ್ಟು ಹೊರಟುಹೋದಳು. ಅಕ್ಕ ಕಣ್ಣೊರೆಸಿಕೊಂಡು ಮುಂದಿನ ಗಿರಾಕಿಗೆ, “ಏನು ಬೇಕಿತ್ತು?” ಅಂದಳು.

ಅಂದು ಸಂಜೆ ಅಡುಗೆಮನೆಯಲ್ಲಿ ಅಲೀಡಾ ಅಜ್ಜಿಯ ಕಾಲ ಬಳಿ ಕೂತಳು. ಅವಳ ಕಡೆ ಇದ್ದವರು ಬರೀ ಐದು ಜನ. ಕಾಲೇಜಿನ ಅಧ್ಯಕ್ಷರು ಅವರನ್ನು ಕರೆಸಿ, ಕಾಫಿ ಕೊಟ್ಟು, ಸಭೆಗೆ ಅಡ್ಡಿಯಿಲ್ಲ ಅಂದಿದ್ದರು. ಆದರೆ ಫಲಕ ಹಿಡಿಯುವಂತಿಲ್ಲ, ಘೋಷಣೆ ಕೂಗುವಂತಿಲ್ಲ, ಭಾಷಣವಿಲ್ಲ, ಹಾಡಿಲ್ಲ. ಮಧ್ಯಾಹ್ನ ಒಂದೇ ಗಂಟೆಯ ಹೊತ್ತು, ಪ್ರಾರ್ಥನಾ ಮಂದಿರದ ಮೆಟ್ಟಿಲ ಮೇಲೆ.

“ನಾಯಿಗೆ ಬಾಯಿ ಕಟ್ಟಿ ಬೊಗಳು ಅಂದ ಹಾಗಾಯ್ತು,” ಅಂದೆ ನಾನು.

“ಏನು ಮಾಡ್ಲಿ ಅಜ್ಜಿ? ಸುಮ್ನೆ ಹೋಗಿ ನಿಂತ್ಕೊಂಡು ಬರೋದಾ?”

ಅಜ್ಜಿ ಕ್ಯಾರೆಟ್ ಹೆರೆಯುವುದನ್ನು ನಿಲ್ಲಿಸಲಿಲ್ಲ. “ಹೆಸರು ಓದೇ,” ಅಂದಳು.

“ಯಾರ ಹೆಸರು?”

“ಸತ್ತವರ ಹೆಸರು. ವರ್ಷದ ಕೊನೆ ದಿನ ಓದಲ್ವಾ, ಹಂಗೆ.”

ನಾನು ಹೆರೆಯುತ್ತಿದ್ದ ಕ್ಯಾರೆಟ್ ಕೈಯಲ್ಲೇ ಉಳಿಯಿತು. ಡಿಸೆಂಬರಿನ ಕೊನೆಯ ದಿನ ಊರೆಲ್ಲ ಸ್ಮಶಾನದ ಗೇಟಿನ ಮುಂದೆ ಹಿಮದಲ್ಲಿ ಸೇರುತ್ತೇವೆ. ಹಿರಿಯರಲ್ಲೊಬ್ಬರು ಆ ವರ್ಷ ತೀರಿಕೊಂಡವರ ಹೆಸರು, ವಯಸ್ಸು, ಊರು ಓದುತ್ತಾರೆ. ಓದುವಷ್ಟು ಹೊತ್ತೂ ಕೂರುವಂತಿಲ್ಲ, ಮಾತಾಡುವಂತಿಲ್ಲ, ಎದ್ದು ಹೋಗುವಂತಿಲ್ಲ. ಗಂಡಸರು ಎಂಥ ಚಳಿಯಲ್ಲೂ ಟೋಪಿ ತೆಗೆದಿರಬೇಕು. ಶುರು ಮಾಡಿದ ಮೇಲೆ ನಡುವೆ ನಿಲ್ಲಿಸುವಂತಿಲ್ಲ, ನಿಲ್ಲಿಸಿದರೆ ಹೆಸರು ಓದದೆ ಉಳಿದವರನ್ನು ಸ್ವರ್ಗದ ಬಾಗಿಲಾಚೆ ಬಿಟ್ಟಂತೆ. ನಡೆಯಲು ಕಲಿತ ಮಗುವಿಗೂ ನಮ್ಮಲ್ಲಿ ಇದು ಗೊತ್ತು.

ಅಲೀಡಾ ಸೋಮವಾರ ಅಧ್ಯಕ್ಷರ ಹತ್ತಿರ ಹೋಗಿ ಕೇಳಿದಳು. ನಮ್ಮ ರಾಜ್ಯದಿಂದ ಹೋಗಿ ಸತ್ತ ಹುಡುಗರ ಹೆಸರು ಓದಬಹುದಾ ಅಂತ. ಅವರು ಹಗುರವಾಗಿ ಉಸಿರುಬಿಟ್ಟು, “ಬರೀ ಹೆಸರು ತಾನೇ? ಓದಮ್ಮ,” ಅಂದರಂತೆ. ಅವರೂ ಇದೇ ಊರಲ್ಲಿ ಹುಟ್ಟಿದವರು. ಶುರುವಾದ ಓದನ್ನು ಯಾರೂ ನಿಲ್ಲಿಸುವಂತಿಲ್ಲ ಅನ್ನುವುದು ಇಷ್ಟು ಓದಿದ ಮನುಷ್ಯನಿಗೆ ಆ ಗಳಿಗೆಯಲ್ಲಿ ಹೇಗೆ ಮರೆತುಹೋಯಿತೋ ನನಗೆ ಇವತ್ತಿಗೂ ತಿಳಿಯದು.

ಗುರುವಾರ ಸಂಜೆ ಇಬ್ಬರು ಹಿರಿಯರು ಮನೆಗೆ ಬಂದರು. ಯಾರ ಮನೆಯಲ್ಲಾದರೂ ಏನಾದರೂ ಓರೆಯಾದರೆ ಹೀಗೆ ಜೋಡಿಯಾಗಿ ಬಂದು ವಿಚಾರಿಸುವುದು ವಾಡಿಕೆ. ಹಿರಿಯರ ಮನೆಗೇ ಹಿರಿಯರು ಬರುವುದೆಂದರೆ ಮುಖದ ಮೇಲೆ ಮಸಿ ಬಳಿದಂತೆ. ಭಾವ ಬಿಳಿ ಅಂಗಿ ಹಾಕಿ ಕೂತಿದ್ದರು. ಅಕ್ಕ ಕಾಫಿ ಕೊಟ್ಟು, ತಟ್ಟೆಗೊಂದರಂತೆ ಬಿಸ್ಕತ್ತು ಇಟ್ಟಳು. ಮಾತು ಶುರು ಮಾಡಿದವನು ಕಾಳಿನ ಮಂಡಿಯ ಕೈಪರ್ಸ್.

“ಹರ್ಮನ್, ಹೆಸರು ಓದೋದು ಹಿರಿಯರ ಕೆಲಸ. ಒಂದು ಹೆಣ್ಣುಹುಡುಗಿ ಓದೋದು ಎಲ್ಲಾದ್ರೂ ಉಂಟಾ? ಅದೂ ಸರ್ಕಾರದ ವಿರುದ್ಧ. ನಿನ್ನ ಮನೇಲೇ ಹಿಂಗಾದ್ರೆ ನಾವು ಬೇರೆಯವರಿಗೆ ಏನು ಬುದ್ಧಿ ಹೇಳೋದು?”

ಭಾವ ತಲೆ ತಗ್ಗಿಸಿದರು. ಒಳಗಿನಿಂದ ಅಜ್ಜಿ ಕೋಲೂರಿಕೊಂಡು ಬಂದು ಬಾಗಿಲಲ್ಲಿ ನಿಂತಳು.

“ಹಿರಿಯರ ಕೆಲಸ ಅಂದ್ಯಲ್ಲ ಕೈಪರ್ಸ್, ಸರಿಯಾಗಿ ಅಂದೆ. ಹಂಗಾದ್ರೆ ನೀನೇ ಓದಪ್ಪ. ನಮ್ಮ ಹುಡುಗಿ ಮನೇಲಿ ಕೂತು ಸ್ವೆಟರ್ ಹೆಣೀತಾಳೆ.”

ಕೈಪರ್ಸ್ ಕಾಫಿ ಕುಡಿದ.

“ಓದಲ್ವಾ? ಮತ್ತೆ ಬಿಸ್ಕತ್ತು ತಿಂದು ಹೊರಡಿ,” ಅಂದಳು ಅಜ್ಜಿ.

ಅವರು ಹೋದ ಮೇಲೆ ಭಾವ ಮಗಳನ್ನು ಕರೆದರು. ದನಿ ಏರಿಸಲಿಲ್ಲ. ಏರಿಸಿದ್ದರೆ ವಾಸಿಯಿತ್ತು.

“ಬುಧವಾರ ನೀನು ಆ ಮೆಟ್ಟಿಲು ಹತ್ತಿದ್ರೆ ಸಂಜೆ ಈ ಮೇಜಿಗೆ ಬರಬೇಡ. ಅವತ್ತಿಂದ ಯಾವತ್ತೂ ಬರಬೇಡ. ಬಟ್ಟೆಬರೆ ತಗೊಂಡು ಬೇರೆ ಜಾಗ ನೋಡ್ಕೋ.”

“ಆಯ್ತಪ್ಪಾ,” ಅಂದಳು ಅಲೀಡಾ. ಅವಳೂ ದನಿ ಏರಿಸಲಿಲ್ಲ. ಅಪ್ಪನ ಮಗಳು.

ಅಕ್ಕ ಕಪ್ಪು ಎತ್ತುತ್ತಿದ್ದವಳು ಹಾಗೇ ನಿಂತಳು. “ಒಬ್ಬನ್ನ ಸರ್ಕಾರ ಕರ್ಕೊಂಡು ಹೋಯ್ತು. ಇನ್ನೊಬ್ಬಳನ್ನ ನೀವೇ ಕಳಿಸ್ತೀರೇನ್ರಿ?”

ಭಾವ ಬೈಬಲ್ಲಿಗೆ ಕೈ ಚಾಚಿದರು. ಅಕ್ಕ ಅದರ ಮೇಲೆ ತನ್ನ ಕೈಯಿಟ್ಟಳು. ಮದುವೆಯಾದಂದಿನಿಂದ ಅವಳು ಹಾಗೆ ಮಾಡಿದ್ದನ್ನು ನಾನು ಕಂಡಿರಲಿಲ್ಲ.

“ಇವತ್ತು ಬೇಡ. ಮೊದಲು ನಂಗೆ ಉತ್ತರ ಹೇಳಿ.”

ಅವರು ಎದ್ದು ಹೋಗಿ ಮಲಗಿದರು.

ಆಮೇಲಿನ ದಿನಗಳಲ್ಲಿ ಅಪ್ಪ ಮಗಳ ನಡುವಿನ ಅಂಚೆ ನನ್ನ ಪಾಲಿಗೆ ಬಂತು. “ಡೀನಾ, ನಿನ್ನ ಅಕ್ಕನ ಮಗಳಿಗೆ ಹೇಳು, ಹಿಟ್ಟಿನ ಚೀಲಕ್ಕೆ ಅಡ್ಡ ನಿಂತಿದಾಳೆ.” “ಚಿಕ್ಕಮ್ಮ, ನಿಮ್ಮ ಭಾವನಿಗೆ ಹೇಳಿ, ಸರಿದುಕೊಂಡೆ ಅಂತ.” ಇಬ್ಬರೂ ಒಂದೇ ಮಾರು ದೂರದಲ್ಲಿ ನಿಂತಿರುತ್ತಿದ್ದರು. ಮೂರನೆಯ ದಿನ ನಾನು, “ನಂಗೆ ಬಾಯಿನೋವು, ನೀವೇ ಮಾತಾಡ್ಕೊಳ್ಳಿ,” ಅಂದುಬಿಟ್ಟೆ. ಅಲ್ಲಿಗೆ ಅಷ್ಟು ಮಾತೂ ನಿಂತುಹೋಯಿತು.

ಬುಧವಾರ ಅಲೀಡಾ ತನ್ನ ಬಟ್ಟೆಯ ಚೀಲ ಕಟ್ಟಿಟ್ಟು ಕಾಲೇಜಿಗೆ ಹೋದಳು. ಮಧ್ಯಾಹ್ನದ ಹೊತ್ತಿಗೆ ಅಕ್ಕ ಅಂಗಡಿಯ ಬಾಗಿಲು ಹಾಕಿದಳು. ವಾರದ ದಿನ ನಮ್ಮ ಅಂಗಡಿ ಮುಚ್ಚಿದ್ದು ಅಕ್ಕನ ಮಾವನವರು ಸತ್ತಾಗ ಮಾತ್ರ. ಬ್ರೆಡ್ಡಿನ ವ್ಯಾನಿನೊಳಗೆ ಹಿಂಭಾಗದಲ್ಲಿ ಕುರ್ಚಿ ಹಾಕಿ ಅಜ್ಜಿಯನ್ನು ಕೂರಿಸುತ್ತಿದ್ದೆವು. ಭಾವ ಒಲೆಮನೆಯಿಂದ ಬಗ್ಗಿ ನೋಡಿದರು.

“ಎಲ್ಲಿಗೆ?”

“ಹೆಸರು ಕೇಳಕ್ಕೆ,” ಅಂದಳು ಅಜ್ಜಿ. “ನೀನು ನಿನ್ನ ಒಲೆ ನೋಡ್ಕೋ.”

ಕಾಲೇಜಿನ ಅಂಗಳ ತುಂಬಿತ್ತು. ಅಂಚಿನಲ್ಲಿ ಒಂದು ಬೆಂಚಿನ ಪಕ್ಕ ಕುರ್ಚಿ ಇಳಿಸಿ ಅಜ್ಜಿಯನ್ನು ಕೂರಿಸಿದೆವು. ಐದು ಜನರನ್ನು ನೋಡಲು ಊರಿಗೆ ಊರೇ ಬಂದಿತ್ತು. ವಿದ್ಯಾರ್ಥಿಗಳು, ಮಾಸ್ತರರು, ಪಾದ್ರಿಗಳು, ಹೊಲದಿಂದ ನೇರ ಬಂದ ರೈತರು. ಕೈಪರ್ಸ್‌ನ ಮಗ ವರ್ಲಿನ್ ಮತ್ತು ಅವನ ಜೊತೆಯ ಆಟಗಾರ ಹುಡುಗರು ಬಾವುಟ ಹಿಡಿದು, ಬ್ಯಾಂಡಿನ ದೊಡ್ಡ ಡ್ರಮ್ಮು ತಂದು ಮೆಟ್ಟಿಲ ಎದುರಿಗೇ ನಿಂತಿದ್ದರು. ಅಧ್ಯಕ್ಷರು ಕಟ್ಟಳೆ ಹಾಕಿದ್ದು ಅಲೀಡಾಳಿಗೆ, ಡ್ರಮ್ಮಿಗಲ್ಲ. ವರ್ಲಿನ್‌ನ ಅಪ್ಪ ಕೈಪರ್ಸ್ ಪಕ್ಕದಲ್ಲಿ ಟೋಪಿ ಹಣೆಗೆಳೆದುಕೊಂಡು ನಗುತ್ತಿದ್ದ. ಜನರ ನಡುವೆ ಟೆನಾ ಹೈಸ್ಮಾಳನ್ನೂ ಕಂಡೆ. ಕಪ್ಪು ಕೋಟು ಹಾಕಿದ್ದಳು.

ಅಲೀಡಾ ಮೆಟ್ಟಿಲು ಹತ್ತಿದಳು. ನಸುನೀಲಿ ಸ್ವೆಟರು, ಕೈಯಲ್ಲಿ ಕಾಗದ. ಡ್ರಮ್ಮು ಶುರುವಾಯಿತು. ಹುಡುಗರು “ಗೆಲ್ಲೋವರೆಗೂ, ಗೆಲ್ಲೋವರೆಗೂ” ಅಂತ ಕೂಗಿದರು. ಅವಳ ಬಾಯಿ ಅಲುಗುವುದು ಕಾಣುತ್ತಿತ್ತು, ದನಿ ಬರುತ್ತಿರಲಿಲ್ಲ. ಅವಳು ಕಿರುಚಲಿಲ್ಲ, ಕಾಯಲೂ ಇಲ್ಲ, ಓದುತ್ತಲೇ ಇದ್ದಳು. ನಮ್ಮ ಹುಡುಗಿಯ ಮರ್ಯಾದೆ ಇಲ್ಲಿಗೆ ಮುಗಿಯಿತು ಅಂದುಕೊಂಡೆ.

ಆಗ ಅಜ್ಜಿ ಕುರ್ಚಿಯಿಂದ ಎದ್ದಳು. ನಾನು ಹಿಡಿಯಹೋದರೆ ಕೈ ಕೊಡವಿದಳು. ಕೋಲೂರಿ, ತಲೆ ಬಗ್ಗಿಸಿ ನಿಂತಳು. ಡಿಸೆಂಬರಿನಲ್ಲಿ ಅವಳು ನಿಲ್ಲುವುದೇ ಹಾಗೆ. ಪಕ್ಕದ ಬೆಂಚಿನ ಮೇಲಿದ್ದ ಇಬ್ಬರು ಮುದುಕರು ಅವಳನ್ನು ನೋಡಿದರು, ಮೆಟ್ಟಿಲ ಕಡೆ ಕಿವಿಯಿಟ್ಟರು, ಎದ್ದು ಟೋಪಿ ತೆಗೆದರು. ಅವರ ಹಿಂದಿನ ರೈತ ತೆಗೆದ. ಅವನ ಪಕ್ಕದವನು ತೆಗೆದ. ಯಾರೂ ಯಾರಿಗೂ ಹೇಳಲಿಲ್ಲ. ಅದು ಮುಂದಕ್ಕೆ ಮುಂದಕ್ಕೆ ಹೋಗಿ ಕೈಪರ್ಸ್‌ನವರೆಗೆ ಬಂತು. ಅವನ ನಗು ನಿಂತಿತು. ಕೈ ತನ್ನಷ್ಟಕ್ಕೆ ಮೇಲೆ ಹೋಗಿ ಟೋಪಿ ತೆಗೆಯಿತು.

“ವರ್ಲಿನ್,” ಅಂದ. “ನಿಲ್ಸೋ.”

“ಯಾಕಪ್ಪಾ?”

“ಹೆಸರು ಓದ್ತಿದಾರೆ. ಟೋಪಿ ತೆಗಿ.”

ಡ್ರಮ್ಮು ನಿಂತಿತು.

ನಾನು ಬಾಯಿಬಡುಕಿ ಅಂತ ಊರಿಗೇ ಗೊತ್ತು. ಆದರೆ ಆಗ ಆದದ್ದನ್ನು ಹೇಳಲು ನನ್ನ ಬಾಯಿಗೆ ಶಕ್ತಿ ಸಾಲದು. ಅಷ್ಟು ಜನ ತುಂಬಿದ ಅಂಗಳದಲ್ಲಿ ಒಂದು ಹುಡುಗಿಯ ದನಿ ಬಿಟ್ಟರೆ ಬೇರೆ ಏನೂ ಇರಲಿಲ್ಲ. ಬಾವುಟಗಳು ತಗ್ಗಿದ್ದವು. ದೇವರು ಈ ಅಂಗಳಕ್ಕೆ ಬಂದಿದ್ದಾನೆ ಅನ್ನಿಸಿತು, ಹಾಗೆ ಅನ್ನಿಸಿತು ಅಂತ ಹೇಳಲು ನನಗೆ ನಾಚಿಕೆಯಿಲ್ಲ. ಹೆಸರು, ವಯಸ್ಸು, ಊರು. ಹತ್ತೊಂಬತ್ತು, ಇಪ್ಪತ್ತು, ಹತ್ತೊಂಬತ್ತು. ಇಷ್ಟೊಂದು ಹುಡುಗರು ಸತ್ತಿದ್ದಾರೆ ಅಂತ ನಮಗೆ ಗೊತ್ತಿರಲಿಲ್ಲ. ಪತ್ರಿಕೆಯಲ್ಲಿ ಒಬ್ಬೊಬ್ಬರಾಗಿ ಬಂದಿದ್ದರು, ನಾವು ಅದೇ ಪತ್ರಿಕೆಯಲ್ಲಿ ಬನ್ನು ಕಟ್ಟಿದ್ದೆವು.

ಕೊಟ್ಟ ಒಂದು ಗಂಟೆ ಮುಗಿದು ತರಗತಿಯ ಗಂಟೆ ಬಾರಿಸಿತು. ಒಬ್ಬರೂ ಕದಲಲಿಲ್ಲ. ಅಧ್ಯಕ್ಷರು ಬಾಗಿಲ ಬಳಿ ಟೋಪಿ ಎದೆಗೊತ್ತಿಕೊಂಡು ನಿಂತಿದ್ದರು. ಹೆಸರು ಓದುವಾಗ ತಡೆಯುವುದು ಅವರಿಂದಲೂ ಆಗುವಂತಿರಲಿಲ್ಲ.

ಅಷ್ಟರಲ್ಲಿ ಹಿಂದುಗಡೆ ಭಾವ ಬಂದದ್ದು ಕಂಡಿತು. ಹಿಟ್ಟು ಮೆತ್ತಿದ ಏಪ್ರನ್ನಿನಲ್ಲೇ ಓಡಿ ಬಂದಿದ್ದರು. ಮಗಳ ರಟ್ಟೆ ಹಿಡಿದು ಎಳೆದೊಯ್ಯಲು ಬಂದವರೆಂದು ಮುಖದಲ್ಲೇ ಬರೆದಿತ್ತು. ಜನರನ್ನು ಸರಿಸಿ ನಾಲ್ಕು ಹೆಜ್ಜೆ ಇಟ್ಟರು, ಕೇಳಿಸಿಕೊಂಡರು, ನಿಂತರು. ಬಿಳಿ ಟೋಪಿ ತೆಗೆದರು.

ಇದ್ದಕ್ಕಿದ್ದಂತೆ ಅಲೀಡಾಳ ದನಿ ನಿಂತಿತು.

ಅವಳು ಕಾಗದದಿಂದ ಕಣ್ಣೆತ್ತಿ ಟೆನಾ ಹೈಸ್ಮಾಳನ್ನು ನೋಡುತ್ತಿದ್ದಳು. ಮುಂದಿನ ಹೆಸರು ಯಾವುದು ಅಂತ ನನಗೆ ಆ ಕ್ಷಣವೇ ತಿಳಿಯಿತು. ಹುಡುಗಿ ಬಾಯಿ ತೆರೆದಳು, ಆಗಲಿಲ್ಲ. ಇನ್ನೊಮ್ಮೆ ತೆರೆದಳು. ಜನ ತಲೆ ತಗ್ಗಿಸಿಕೊಂಡೇ ಕಾದರು. ಓದು ನಡುವೆ ನಿಂತದ್ದನ್ನು ಅಲ್ಲಿದ್ದ ಯಾರೂ ತಮ್ಮ ಜೀವಮಾನದಲ್ಲಿ ಕಂಡಿರಲಿಲ್ಲ. ಹೆಸರು ಓದದೆ ಉಳಿದ ಸತ್ತ ಹುಡುಗರು ಬಾಗಿಲಾಚೆ ನಿಂತಿದ್ದರು.

ಭಾವ ನಡೆದರು. ಜನ ದಾರಿ ಬಿಟ್ಟರು. ಮೆಟ್ಟಿಲು ಹತ್ತಿ ಮಗಳ ಪಕ್ಕ ನಿಂತು ಕೈ ಚಾಚಿದರು.

“ಎಲ್ಲಿಗೆ ನಿಲ್ಲಿಸಿದೆ?”

ಅವಳು ಬೆರಳಿಟ್ಟು ತೋರಿಸಿದಳು. ಭಾವ ಕನ್ನಡಕ ಹಾಕಿಕೊಂಡರು. ದಿನಾ ಮೇಜಿನ ಮುಂದೆ ಕೂತು ಓದುವ ಅದೇ ದನಿಯಲ್ಲಿ ಓದಿದರು.

“ಡ್ವೇನ್ ಹೈಸ್ಮಾ. ಇಪ್ಪತ್ತು ವರ್ಷ. ಈ ಊರಿನವನು.”

“ಹರ್ಮನ್,” ಅಂದಳು ಟೆನಾ ಕೆಳಗಿನಿಂದ. ಓದುವವರನ್ನು ಯಾರಾದರೂ ನಡುವೆ ಮಾತಾಡಿಸಿದ್ದು ಅದೇ ಮೊದಲು. “ಅವನ ಹೆಸರು ಡಿಸೆಂಬರಿಗೆ ಓದ್ತಾರೆ ಅಂತ ಕಾದಿದ್ದೆ. ಇನ್ನೊಂದ್ಸಲ ಓದು.”

ಭಾವ ಇನ್ನೊಂದು ಸಲ ಓದಿದರು. ಟೆನಾ ತಲೆಯಾಡಿಸಿದಳು. ಅಲೀಡಾ ಕೆಳಗಿಳಿದು ಹೋಗಿ ಅವಳ ಪಕ್ಕ ನಿಂತಳು. ಟೆನಾ ಅವಳ ಕಡೆ ತಿರುಗಲಿಲ್ಲ, ಆದರೆ ದೂರ ಸರಿಯಲೂ ಇಲ್ಲ.

ಉಳಿದದ್ದನ್ನೆಲ್ಲ ಭಾವ ಓದಿದರು. ಒಂದು ಹೆಸರನ್ನೂ ಅವಸರ ಮಾಡಲಿಲ್ಲ. ಡಿಸೆಂಬರಿನಲ್ಲಿ ಕೊನೆಯ ಹೆಸರಾದ ಮೇಲೆ ಓದಿದ ಹಿರಿಯರು ಪಟ್ಟಿ ಮುಗಿಯಿತು ಅನ್ನಲು “ಇಷ್ಟು ಜನ” ಅಂತ ಹೇಳಿ ಕಾಗದ ಮಡಿಸಬೇಕು, ಆಮೇಲೆ ಜನ ಚದುರಬೇಕು. ಭಾವ ಕೊನೆಯ ಹೆಸರು ಓದಿ ಕಾಗದವನ್ನು ನೋಡುತ್ತ ನಿಂತರು. ಎಷ್ಟು ಹೊತ್ತಾದರೂ ಅವರು ಆ ಮಾತು ಹೇಳಲಿಲ್ಲ. ಹೇಳದೇ ಕೆಳಗಿಳಿದು, ಜನರ ನಡುವೆ ಹಾದು, ಬೇಕರಿಯ ಕಡೆ ನಡೆದರು. ಚದುರುವುದು ಹೇಗೆ ಅಂತ ತಿಳಿಯದೆ ಜನ ನಿಂತೇ ಇದ್ದರು. ಆಮೇಲೆ ಒಬ್ಬೊಬ್ಬರಾಗಿ, ಕಾಲ ಸಪ್ಪಳವಾಗದಂತೆ ಹೊರಟರು.

ಸಂಜೆ ಬಟಾಣಿ ಸೂಪು. ಅಲೀಡಾ ಮನೆಯೊಳಗೆ ಬರಲಿಲ್ಲ. ಕೆಳಗೆ ಅಂಗಡಿಯಲ್ಲಿ ನಿಂತಿದ್ದಳು. ಅಕ್ಕ ಒಂದು ಮಾತೂ ಆಡದೆ ಅವಳಿಗೂ ತಟ್ಟೆಯಿಟ್ಟಳು. ಭಾವ ಬಂದು ಕೂತರು. ಅವರು ಪ್ರಾರ್ಥನೆ ಮಾಡದೆ ನಾವು ಯಾರೂ ಚಮಚ ಮುಟ್ಟುವಂತಿಲ್ಲ. ಅವರು ಕೈ ಜೋಡಿಸಲಿಲ್ಲ. ಸೂಪಿನ ಮೇಲೆ ಕೆನೆ ಕಟ್ಟತೊಡಗಿತು.

“ಸುರು ಮಾಡ್ರಿ,” ಅಂದಳು ಅಕ್ಕ.

ಭಾವ ಎದ್ದು ಮೆಟ್ಟಿಲ ಬಳಿ ಹೋಗಿ ಕೆಳಗೆ ಬಗ್ಗಿದರು. “ಅಲೀಡಾ, ಊಟ ಆರ್ತಿದೆ ಬಾ,” ಅಂದರು.

ಅವಳು ಬಂದು ತನ್ನ ಜಾಗದಲ್ಲಿ ಕೂತಳು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಭಾವ ಕಣ್ಣು ಮುಚ್ಚಿ ಪ್ರಾರ್ಥನೆ ಶುರು ಮಾಡಿದರು. ಊಟಕ್ಕೆ ಕೃತಜ್ಞತೆ ಹೇಳಿದರು, ಮನೆಗೆ, ಕೆಲಸಕ್ಕೆ ಹೇಳಿದರು. “ದೂರದಲ್ಲಿರೋ ನಮ್ಮ ಮಗ ವಿಲ್ಲಿಸ್‌ನ…” ಅಂದರು.

ಅಲ್ಲಿಗೆ ನಿಂತಿತು. ಅಷ್ಟು ಹೆಸರು ಓದಿದ ಗಂಟಲು ಆ ಒಂದು ಹೆಸರಿನಿಂದ ಮುಂದಕ್ಕೆ ಹೋಗಲಿಲ್ಲ. ಹಣೆಯನ್ನು ಕೈಗೆ ಒತ್ತಿಕೊಂಡು ಕೂತರು. ಭುಜ ಅಲುಗುತ್ತಿತ್ತು. ಈ ಮನೆಯ ಮೇಜಿನಲ್ಲಿ ಹೆಂಗಸರು ಬಾಯಿಬಿಟ್ಟು ಪ್ರಾರ್ಥಿಸಿದ್ದಿಲ್ಲ. ಅಕ್ಕ ಅಳುತ್ತಿದ್ದಳು, ಅಜ್ಜಿ ಕಣ್ಣು ತೆರೆಯಲಿಲ್ಲ.

“ಮನೆಗೆ ಕಳಿಸು,” ಅಂದಳು ಅಲೀಡಾ.

“ಆಮೆನ್,” ಅಂದರು ಭಾವ.